ಪಾರ್ಸಿ ಕಲಿಕೆಗೆ ಯಾವ ಹಾಸ್ಯ ಧಾರಾವಾಹಿ?

ಇರಾನಿನ ಭಾಷೆಯಾದ ಪಾರ್ಸಿ ಕಲಿಯಲು ‘ಶಬ್‌ಹಾಯೆ ಬರರೆ’ ಎಂಬ ಹಾಸ್ಯ ಧಾರಾವಾಹಿ ನೋಡಬಹುದೇ ಎಂದು ಕೇಳಿದ್ದೀರಿ. ನಗಲು ಧಾರಾಳವಾಗಿ ನೋಡಿ, ಕಲಿಯಲು ಬೇಡ. ಅದರ ನಿರ್ದೇಶಕ ಮೆಹ್ರಾನ್ ಮೊದಿರಿ 2005ರಲ್ಲಿ ಕಟ್ಟಿದ ಬರರೆ ಎಂಬ ಕಾಲ್ಪನಿಕ ಹಳ್ಳಿಯ ಜನ ಆಡುವ ಮಾತೂ ಕಾಲ್ಪನಿಕವೇ! ಅಲ್ಲಿನ ವ್ಯಾಕರಣ ಕಲಿತು ತೆಹರಾನಿನಲ್ಲಿ ಮಾತನಾಡಿದರೆ ಜನ ನಿಮ್ಮನ್ನೇ ನೋಡಿ ನಕ್ಕಾರು.

ಬದಲಿಗೆ, 2011ರ ನವ್‌ರೋಜ್ ಹಬ್ಬಕ್ಕೆ ಇರಾನಿನ ಸರ್ಕಾರಿ ವಾಹಿನಿಯಲ್ಲಿ ಶುರುವಾದ ‘ಪಾಯ್‌ತಖ್ತ್’ ಹಿಡಿಯಿರಿ. ಹೆಸರಿನ ಅರ್ಥ ರಾಜಧಾನಿ. ಉತ್ತರ ಇರಾನಿನ ಮಾಜಂದರಾನ್ ಪ್ರಾಂತ್ಯದಿಂದ ತೆಹರಾನಿಗೆ ಹೊರಟ ಕಥಾನಾಯಕ ನಖಿಯ ಸಂಸಾರಕ್ಕೆ ಅಲ್ಲಿ ಮನೆ ಕೈಗೆ ಸಿಗುವುದಿಲ್ಲ. ಸಾಮಾನು ತಂದ ನೆಂಟ ಅರಸ್ತುವಿನ ಲಾರಿಯಲ್ಲೇ ಬಿಡಾರ. ಹೆಂಡತಿ, ಅವಳಿ ಹೆಣ್ಣುಮಕ್ಕಳು, ಮುದಿ ತಂದೆ, ಎಲ್ಲರೂ ಅದರಲ್ಲೇ. ಅವರ ಮಾತಿನ ಮಾಜಂದರಾನಿ ಎಳೆತ ಮೊದಲು ತೊಡಕೆನಿಸುತ್ತದೆ. ಆದರೆ ಜಗಳ, ಉಪಚಾರ, ಹುಸಿ ಜಂಬಗಳೆಲ್ಲ ದಿನಬಳಕೆಯ ಮಾತಿನಲ್ಲೇ ಇವೆ. ಮೊದಲ ಸರಣಿಯಿಂದಲೇ ಆರಂಭಿಸಿ.