ಓದುಗರ ಪ್ರಶ್ನೆ: ಉಳ್ಳಾಗಡ್ಡಿಯ ಜೀನೋಮ್ ತೂಗುವುದು ಹೇಗೆ?

ಪ್ರಶ್ನೆ: ಉಳ್ಳಾಗಡ್ಡಿಯ ಜೀನೋಮ್ ಮನುಷ್ಯನದಕ್ಕಿಂತ ಐದು ಪಟ್ಟು ದೊಡ್ಡದೆಂದು ತರಗತಿಯಲ್ಲಿ ಕೇಳಿದೆ. ಜೀನೋಮನ್ನು ಪೂರ್ತಿ ಓದದೆ ಅದರ ಗಾತ್ರ ಹೇಗೆ ತಿಳಿಯುತ್ತದೆ? ಈ ಅಂದಾಜನ್ನು ಎಷ್ಟರ ಮಟ್ಟಿಗೆ ನಂಬಬಹುದು?
– ಬಿ.ಎಸ್ಸಿ. ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಗಂಜ್ ಮಾರುಕಟ್ಟೆಗೆ ಬಂದ ಭತ್ತದ ಚೀಲದಲ್ಲಿ ಎಷ್ಟು ಕಾಳುಗಳಿವೆ ಎಂದು ಯಾರೂ ಕುಳಿತು ಎಣಿಸುವುದಿಲ್ಲ, ಒಂದು ಕಾಳಿನ ತೂಕ ಗೊತ್ತಿದ್ದರೆ ಚೀಲವನ್ನು ತೂಗಿ ಎಣಿಕೆಯನ್ನು ಹೇಳಿಬಿಡಬಹುದು. ಜೀನೋಮಿನ, ಅಂದರೆ ಒಂದು ಜೀವಿಯ ಡಿಎನ್‌ಎಯ ಒಂದು ಪೂರ್ಣ ಪ್ರತಿಯ, ಗಾತ್ರವನ್ನೂ ಬಹುಕಾಲ ಹೀಗೆ ತೂಕದಿಂದಲೇ ತಿಳಿದಿದ್ದಾರೆ. ಡಿಎನ್‌ಎಯ ಒಂದು ಪಿಕೋಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು, ಸುಮಾರು 97.8 ಕೋಟಿ ಅಕ್ಷರಜೋಡಿಗಳಿಗೆ (ಬೇಸ್ ಜೋಡಿಗಳಿಗೆ) ಸಮ. ಒಂದು ಜೀವಿಯ ಬೇರೆಬೇರೆ ಅಂಗಗಳ ಕೋಶಕೇಂದ್ರಗಳಲ್ಲಿ ಡಿಎನ್‌ಎ ಒಂದೇ ಪ್ರಮಾಣದಲ್ಲಿರುತ್ತದೆ, ವೀರ್ಯಾಣುವಿನಲ್ಲಿ ಮಾತ್ರ ಅದರ ಅರ್ಧ ಇರುತ್ತದೆ ಎಂಬುದು 1940ರ ದಶಕದ ಕೊನೆಯಲ್ಲಿ ಸ್ಪಷ್ಟವಾಯಿತು. ಆ ಅರ್ಧ ಪ್ರಮಾಣವನ್ನು ಕೋಶವಿಜ್ಞಾನಿ ಹ್ಯೂಸನ್ ಸ್ವಿಫ್ಟ್ 1950ರಲ್ಲಿ ‘ಸಿ’ ಎಂಬ ಅಕ್ಷರದಿಂದ ಗುರುತಿಸಿದರು.

ಒಂದು ಕೋಶಕೇಂದ್ರವನ್ನು ತಕ್ಕಡಿಯಲ್ಲಿ ಇಡಲಾಗದು. ಆದ್ದರಿಂದ ಡಿಎನ್‌ಎಗೆ ಬಣ್ಣ ಹಿಡಿಸಿ, ಬಣ್ಣ ಎಷ್ಟು ಗಾಢವಾಗಿದೆ ಎಂದು ಅಳೆಯುತ್ತಾರೆ. 1924ರಲ್ಲಿ ವಿಜ್ಞಾನಿ ರಾಬರ್ಟ್ ಫೋಲ್ಗನ್ ರೂಪಿಸಿದ ಬಣ್ಣ ಹಿಡಿಸುವ ಕ್ರಮ ಇದಕ್ಕೆ ಮೊದಲ ಸಾಧನವಾಯಿತು. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಫ್ಲೋ ಸೈಟೋಮೀಟರ್. ಎಳೆಯ ಎಲೆಯ ಚೂರೊಂದನ್ನು ತಣ್ಣನೆಯ ದ್ರಾವಣದಲ್ಲಿಟ್ಟು ಬ್ಲೇಡಿನಿಂದ ಸಣ್ಣಗೆ ಕೊಚ್ಚಿ, ಸೋಸಿ, ಹೊರಬಂದ ಕೋಶಕೇಂದ್ರಗಳಿಗೆ ಪ್ರೊಪಿಡಿಯಂ ಅಯೊಡೈಡ್ ಎಂಬ ಬಣ್ಣವನ್ನು ಹಾಕುತ್ತಾರೆ; ಅವು ಒಂದರ ಹಿಂದೊಂದು ಲೇಸರ್ ಕಿರಣದ ಮುಂದೆ ಹಾಯುವಾಗ, ಡಿಎನ್‌ಎ ಎಷ್ಟಿದೆಯೋ ಅಷ್ಟು ಪ್ರಮಾಣದಲ್ಲಿ ಬೆಳಕು ಹೊಮ್ಮುತ್ತದೆ. ಹೇಳಿದಷ್ಟು ಸುಲಭವಾಗಿ ಎಲ್ಲ ಎಲೆಗಳೂ ಒಲಿಯುವುದಿಲ್ಲ. ನಿಮ್ಮ ಸೀಮೆಯ ಹತ್ತಿಯನ್ನೇ ತೆಗೆದುಕೊಳ್ಳಿ: ಅದರ ಎಲೆಯಲ್ಲಿರುವ ಒಗರು ಪದಾರ್ಥಗಳು ಬಣ್ಣ ಹಿಡಿಯದಂತೆ ಅಡ್ಡಬರುವುದರಿಂದ ದ್ರಾವಣಕ್ಕೆ ಪಿವಿಪಿಯಂಥ ಹೀರುವ ಪದಾರ್ಥವನ್ನು ಸೇರಿಸಬೇಕಾಗುತ್ತದೆ.

ಬೆಳಕಿಗೆ ತನ್ನದೇ ತೂಕವಿಲ್ಲವಾದ್ದರಿಂದ, ತೂಕ ಗೊತ್ತಿರುವ ಇನ್ನೊಂದು ಗಿಡದ ಎಲೆಯನ್ನೂ ಜೊತೆಗೇ ಕೊಚ್ಚುತ್ತಾರೆ. ಬಟಾಣಿಯ ‘ಸಿತಿರಾದ್’ ಎಂಬ ತಳಿಗೆ ಕೋಶಕೇಂದ್ರವೊಂದಕ್ಕೆ 9.09 ಪಿಕೋಗ್ರಾಂ ಎಂದು ಲೆಕ್ಕವಿದೆ. ಉಳ್ಳಾಗಡ್ಡಿಯ ಬೆಳಕು ಅದರ 3.7 ಪಟ್ಟು ಬಂತೆನ್ನಿ. ಆಗ ಕೋಶಕೇಂದ್ರಕ್ಕೆ 33.6 ಪಿಕೋಗ್ರಾಂ, ಅದರಲ್ಲಿ ಜೀನೋಮಿನ ಎರಡು ಪ್ರತಿಗಳಿರುವುದರಿಂದ ಒಂದು ಪ್ರತಿಗೆ 16.8 ಪಿಕೋಗ್ರಾಂ, ಅಂದರೆ ಸುಮಾರು 1,640 ಕೋಟಿ ಅಕ್ಷರಜೋಡಿಗಳಾಗುತ್ತವೆ.

ನಿಮ್ಮ ಎರಡನೆಯ ಪ್ರಶ್ನೆಯ ತಿರುಳಿರುವುದು ಈ 9.09ರಲ್ಲಿ. ಮನುಷ್ಯನ ಬಿಳಿ ರಕ್ತಕಣದಲ್ಲಿ 7 ಪಿಕೋಗ್ರಾಂ ಡಿಎನ್‌ಎ ಇದೆ ಎಂದು ಹಿಡಿದುಕೊಂಡು ಬಟಾಣಿಯ ಆ ಸಂಖ್ಯೆಯನ್ನು ನಿಗದಿ ಮಾಡಲಾಗಿತ್ತು. ಆದರೆ 2022ರಲ್ಲಿ ಮನುಷ್ಯನ ಜೀನೋಮನ್ನು ತುದಿಯಿಂದ ತುದಿಗೆ ಓದಿ ಪ್ರಕಟಿಸಿದಾಗ ಒಂದು ಪ್ರತಿಗೆ ಸುಮಾರು 305 ಕೋಟಿ ಅಕ್ಷರಜೋಡಿಗಳು ಕಂಡವು. ಎರಡು ಪ್ರತಿ ಸೇರಿದರೂ 6.2 ಪಿಕೋಗ್ರಾಮಿನ ಆಸುಪಾಸು. ತಕ್ಕಡಿಯ ಕಲ್ಲಿನ ತೂಕವನ್ನೇ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸಿ ಹಿಡಿದಂತಾಯಿತು. ಹೀಗಾಗಿ 1,640 ಕೋಟಿ ಎಂಬ ಸಂಖ್ಯೆಯನ್ನು ಸಡಿಲವಾಗಿಯೇ ಹಿಡಿಯಬೇಕು. ನಿಮ್ಮ ತರಗತಿಯಲ್ಲಿ ಹೇಳಿದ ‘ಐದು ಪಟ್ಟು’ ಮಾತ್ರ ಅಲುಗುವುದಿಲ್ಲ: ಕಲ್ಲಿನ ತಪ್ಪು ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಸೇರಿರುವುದರಿಂದ, 33.6ನ್ನು 7ರಿಂದ ಭಾಗಿಸಿದರೆ 4.8 ಬರುತ್ತದೆ, ಕಲ್ಲನ್ನು ತಿದ್ದಿ ಎರಡನ್ನೂ ಇಳಿಸಿದರೂ ಬರುವುದು ಅದೇ 4.8.

ಪ್ರಶ್ನೆ: ವರ್ಣತಂತುಗಳ ಸಂಖ್ಯೆಯನ್ನು ನೋಡಿ ಜೀನೋಮಿನ ಗಾತ್ರವನ್ನು ಊಹಿಸಬಹುದೇ?
– ಜೀವಶಾಸ್ತ್ರ ಉಪನ್ಯಾಸಕರು, ಗಂಗಾವತಿ

ಉತ್ತರ: ಊಹಿಸಲಾಗದು. ಪ್ರಾಯೋಗಿಕ ತರಗತಿಯಲ್ಲಿ ಕೋಶವಿಭಜನೆಯನ್ನು ತೋರಿಸಲು ನಾವೆಲ್ಲ ಉಳ್ಳಾಗಡ್ಡಿಯ ಬೇರಿನ ತುದಿಯನ್ನೇ ಏಕೆ ಆರಿಸುತ್ತೇವೆ, ಊರ ಸುತ್ತ ಗದ್ದೆಗಳೇ ಇದ್ದರೂ ಭತ್ತದ ಬೇರನ್ನು ಏಕೆ ಮುಟ್ಟುವುದಿಲ್ಲ ಎಂಬುದನ್ನು ಒಮ್ಮೆ ಯೋಚಿಸಿ. ಉಳ್ಳಾಗಡ್ಡಿಯಲ್ಲಿ ಇರುವುದು 16 ವರ್ಣತಂತುಗಳು, ಒಂದೊಂದರಲ್ಲೂ ಸರಾಸರಿ 200 ಕೋಟಿ ಅಕ್ಷರಜೋಡಿಗಳು. ಭತ್ತದಲ್ಲಿ 24 ವರ್ಣತಂತುಗಳಿದ್ದರೂ ಜೀನೋಮಿನ ಒಂದು ಪ್ರತಿ (12 ವರ್ಣತಂತುಗಳು ಸೇರಿ) ಸುಮಾರು 40 ಕೋಟಿಯಷ್ಟೇ ಇರುವುದರಿಂದ ಒಂದೊಂದರ ಪಾಲಿಗೆ ಮೂರೂಕಾಲು ಕೋಟಿ ಬರುತ್ತದೆ. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಅವು ಚುಕ್ಕೆಗಳಂತೆ ಕಾಣುತ್ತವೆ.

ಬಳ್ಳಾರಿ ಸೀಮೆಯ ಮೆಣಸಿನಕಾಯಿ ಇದಕ್ಕಿಂತ ಒಳ್ಳೆಯ ಉದಾಹರಣೆ. ಮೆಣಸಿನಕಾಯಿಯೂ ಟೊಮೆಟೊವೂ ಒಂದೇ ಕುಟುಂಬದವು, ಎರಡರಲ್ಲೂ 12 ಜೋಡಿ ವರ್ಣತಂತುಗಳು, ಎರಡರಲ್ಲೂ ಸುಮಾರು 35,000 ಜೀನುಗಳು. ಆದರೂ ಟೊಮೆಟೊದ ಜೀನೋಮ್ 90 ಕೋಟಿಯ ಆಸುಪಾಸಿನಲ್ಲಿದ್ದರೆ, ಮೆಣಸಿನಕಾಯಿಯದು 300 ಕೋಟಿಯನ್ನು ದಾಟುತ್ತದೆ. ತಮ್ಮನ್ನು ತಾವೇ ನಕಲು ಮಾಡಿಕೊಂಡು ಜೀನೋಮಿನ ಇನ್ನೊಂದು ಕಡೆ ಹೋಗಿ ಕೂರುವ ಡಿಎನ್‌ಎ ತುಣುಕುಗಳು ಮೆಣಸಿನಕಾಯಿಯಲ್ಲಿ ಹೆಚ್ಚಿ ಸೇರಿಕೊಂಡದ್ದೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. ಗಾತ್ರ ಹಿಗ್ಗುವುದಕ್ಕೆ ಇನ್ನೊಂದು ದಾರಿಯೂ ಇದೆ: ರಾಯಚೂರಿನಲ್ಲಿ ಇಂದು ಹೆಚ್ಚಾಗಿ ಬೆಳೆಯುವ ಹತ್ತಿ ಎರಡು ಪ್ರಾಚೀನ ಹತ್ತಿಗಳ ಜೀನೋಮುಗಳು ಕೂಡಿ ಆದದ್ದು, ಆದ್ದರಿಂದಲೇ ಅದರಲ್ಲಿ 52 ವರ್ಣತಂತುಗಳಿದ್ದರೆ ಜವಾರಿ ಹತ್ತಿಯಲ್ಲಿ 26 ಇವೆ. ಅಲ್ಲಿಯೂ ಸಂಖ್ಯೆ ಇಮ್ಮಡಿಯಾದಂತೆ ಗಾತ್ರ ಇಮ್ಮಡಿಯಾಗಿಲ್ಲ; ಜವಾರಿಯ ಸುಮಾರು 170 ಕೋಟಿಗೆ ಇದರದು 250 ಕೋಟಿಯನ್ನೂ ಮುಟ್ಟುವುದಿಲ್ಲ.

ಪ್ರಶ್ನೆ: ಜೀನೋಮ್ ದೊಡ್ಡದಿದ್ದರೆ ಬೆಳೆಯ ಇಳುವರಿಯೂ ಹೆಚ್ಚುವುದೇ?
– ದಾಳಿಂಬೆ ಬೆಳೆಗಾರರು, ಕುಷ್ಟಗಿ

ಉತ್ತರ: ಇಲ್ಲ. ಈವರೆಗೆ ಅಳೆದವುಗಳಲ್ಲಿ ಅತಿ ದೊಡ್ಡ ಜೀನೋಮ್ ಇರುವುದು ನ್ಯೂ ಕ್ಯಾಲೆಡೋನಿಯಾದ ಒಂದು ಸಣ್ಣ ಜರೀಗಿಡದಲ್ಲಿ; 2024ರಲ್ಲಿ ಪ್ರಕಟವಾದ ಅಳತೆಯಂತೆ ಅದು 16,000 ಕೋಟಿ ಅಕ್ಷರಜೋಡಿಗಳನ್ನು ಮೀರಿದೆ. ನಿಮ್ಮ ದಾಳಿಂಬೆಯದು 40 ಕೋಟಿಗಿಂತ ಕಡಿಮೆ.

ಪ್ರಶ್ನೆ: ಪ್ರಾಣಿಗಳಿಗೂ ಇದೇ ಕ್ರಮವೇ? ತಾಜಾ ಮಾದರಿ ಸಿಗದಿದ್ದರೆ ಏನು ಮಾಡುತ್ತಾರೆ?
– ಸಂಶೋಧನಾ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ತತ್ವ ಅದೇ. ಪ್ರಾಣಿಗಳ ಮಟ್ಟಿಗೆ ಬಟಾಣಿಯ ಸ್ಥಾನದಲ್ಲಿ ಸಾಮಾನ್ಯವಾಗಿ ಕೋಳಿಯ ರಕ್ತವಿರುತ್ತದೆ, ಏಕೆಂದರೆ ಹಕ್ಕಿ, ಮೀನು, ಕಪ್ಪೆಗಳ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರ ಉಳಿದಿರುತ್ತದೆ. ಸಸ್ತನಿಗಳ ಕೆಂಪು ಕಣಗಳಲ್ಲಿ ಅದು ಇಲ್ಲದಿರುವುದರಿಂದ ಬಿಳಿ ಕಣಗಳನ್ನು ಬಳಸುತ್ತಾರೆ.

ತಾಜಾ ರಕ್ತವಾಗಲಿ ಅಂಗಾಂಶವಾಗಲಿ ಇಲ್ಲದಾಗ, ಡಿಎನ್‌ಎಯನ್ನು ಚೂರುಚೂರಾಗಿ ಓದಿ ಲೆಕ್ಕಾಚಾರದಿಂದ ಗಾತ್ರವನ್ನು ತೆಗೆಯುತ್ತಾರೆ. ಓದಿದ್ದನ್ನೆಲ್ಲ, ಉದಾಹರಣೆಗೆ, 21 ಅಕ್ಷರಗಳ ಪದಗಳಾಗಿ ಒಡೆದು ಪ್ರತಿ ಪದವೂ ಎಷ್ಟು ಸಲ ಬಂದಿದೆ ಎಂದು ಎಣಿಸಿದಾಗ, ಜೀನೋಮಿನಲ್ಲಿ ಒಂದೇ ಕಡೆ ಇರುವ ಪದಗಳು ಹೆಚ್ಚುಕಡಿಮೆ ಸಮಾನ ಸಂಖ್ಯೆಯಲ್ಲಿ ಕಾಣಿಸಿಕೊಳ್ಳುತ್ತವೆ. ಒಟ್ಟು 2,000 ಕೋಟಿ ಪದಗಳಿದ್ದು, ಅಂಥ ಪದ ಸಾಮಾನ್ಯವಾಗಿ 50 ಸಲ ಬಂದಿದ್ದರೆ ಜೀನೋಮ್ 40 ಕೋಟಿಯದು. ಇಲ್ಲಿ ತೂಕದ ಕಲ್ಲು ಬೇಕಿಲ್ಲ, ಅದೇ ಇದರ ಹೆಚ್ಚುಗಾರಿಕೆ. ಆದರೆ ಲಕ್ಷಗಟ್ಟಲೆ ಸಲ ಮರುಕಳಿಸುವ ಪದಗಳನ್ನು ಎಣಿಕೆಯ ತಂತ್ರಾಂಶಗಳು ಹಲವು ಬಾರಿ ಒಂದು ಮಿತಿಯಾಚೆ ಕೈಬಿಡುವುದರಿಂದ, ಪುನರಾವರ್ತನೆ ತುಂಬಿದ ಜೀನೋಮುಗಳು ಇರುವುದಕ್ಕಿಂತ ಚಿಕ್ಕದಾಗಿ ತೋರುತ್ತವೆ. ದಕ್ಷಿಣ ಅಮೆರಿಕದ ಶ್ವಾಸಮೀನಿನ ಜೀನೋಮ್ 9,000 ಕೋಟಿಯನ್ನು ಮೀರಿದ್ದು, ಅದರ 19 ವರ್ಣತಂತುಗಳಲ್ಲಿ 18 ಒಂದೊಂದೇ ಮನುಷ್ಯನ ಇಡೀ ಜೀನೋಮಿಗಿಂತ ದೊಡ್ಡವು. ನೀವು ಕೈಗೆತ್ತಿಕೊಂಡಿರುವ ಪ್ರಾಣಿ ಅಂಥದ್ದೇನಾದರೂ ಆಗಿದ್ದರೆ, ಎಣಿಕೆಯೊಂದನ್ನೇ ನೆಚ್ಚದೆ ಹೇಗಾದರೂ ತಾಜಾ ರಕ್ತವನ್ನು ಸಂಪಾದಿಸಿ ಸೈಟೋಮೀಟರಿನಲ್ಲಿಯೂ ಅಳೆದುಕೊಳ್ಳಿ.