ಮೇವ್ ರಾಣಿಯ ಕಲ್ಗುಪ್ಪೆಯನ್ನು ಅಗೆಯಬಾರದೇಕೆ?

ಪ್ರಶ್ನೆ: ಐರ್ಲೆಂಡಿನ ಸ್ಲೈಗೋ ಸೀಮೆಯ ನಾಕ್‌ನರೇ ಬೆಟ್ಟದ ನೆತ್ತಿಯಲ್ಲಿರುವ ಕಲ್ಗುಪ್ಪೆಯೊಳಗೆ ಐರಿಷ್ ದಂತಕಥೆಗಳ ಮೇವ್ ರಾಣಿಯನ್ನು ಆಯುಧಸಹಿತ ನಿಲ್ಲಿಸಿ ಹೂಳಿದ್ದಾರಂತೆ. ಒಮ್ಮೆ ಅಗೆದು ನೋಡಿದರೆ ಸಂಶಯ ತೀರುವುದಿಲ್ಲವೇ?

ಉತ್ತರ: ಈ ‘ಒಮ್ಮೆ’ ಎಂಬ ಮಾತೇ ನನಗೆ ಸಿಟ್ಟು ತರಿಸುತ್ತದೆ, ಏಕೆಂದರೆ ಸಮಾಧಿಯನ್ನು ಅಗೆಯಲು ಸಾಧ್ಯವಿರುವುದೇ ಒಮ್ಮೆ. ಸುಮಾರು 55 ಮೀಟರ್ ಅಗಲ, 10 ಮೀಟರ್ ಎತ್ತರದ ಆ ರಾಶಿಯನ್ನು ಇದುವರೆಗೆ ಯಾರೂ ಶಾಸ್ತ್ರೀಯವಾಗಿ ಉತ್ಖನನ ಮಾಡಿಲ್ಲ. ಅದರ ಆಕಾರವನ್ನೂ ನೆರೆಯ ಸಮಾಧಿಗಳನ್ನೂ ನೋಡಿದರೆ, ಅದು ಲೋಹದ ಬಳಕೆಯನ್ನೇ ಅರಿಯದ ನವಶಿಲಾಯುಗದ ರೈತರು ಐದು ಸಾವಿರ ವರ್ಷಗಳ ಹಿಂದೆ ಕಟ್ಟಿದ, ಒಳಗೆ ಕಲ್ಲಿನ ಓಣಿಯಿರುವ ಸಮಾಧಿ ಎಂದೇ ತೋರುತ್ತದೆ. ಮೇವ್‌ಳ ಕಥೆಗಳು ಬರಹಕ್ಕಿಳಿದದ್ದು ಮಧ್ಯಯುಗದಲ್ಲಿ.

ಅವಸರದ ಫಲವನ್ನು ಕಾಣಬೇಕಾದರೆ ಅದೇ ಸೀಮೆಯ ಕ್ಯಾರೋಕೀಲ್ ಬೆಟ್ಟಗಳಿಗೆ ಹೋಗಬೇಕು. 1911ರಲ್ಲಿ ಮೆಕಾಲಿಸ್ಟರ್, ಆರ್ಮ್‌ಸ್ಟ್ರಾಂಗ್ ಮತ್ತು ಪ್ರೇಗರ್ ಎಂಬ ಮೂವರು ಸಂಶೋಧಕರು ಅಲ್ಲಿನ ಹಲವು ಕಲ್ಗುಪ್ಪೆಗಳನ್ನು ಬಹಳ ಬೇಗ ಬಗೆದು ಬರಿದು ಮಾಡಿದರು. ಸುಟ್ಟ ಮತ್ತು ಸುಡದ ಎಲುಬುಗಳು, ಮಡಕೆ ಚೂರುಗಳು ಸಿಕ್ಕವು, ಆದರೆ ಯಾವುದು ಯಾವ ಪದರದಲ್ಲಿತ್ತು ಎಂಬ ವಿವರ ಬಹುಪಾಲು ಅಂದೇ ಮಣ್ಣುಪಾಲಾಯಿತು. ಪುಣ್ಯಕ್ಕೆ ಎಲುಬುಗಳು ಕೇಂಬ್ರಿಡ್ಜ್‌ನಲ್ಲಿ ಉಳಿದವು. ಶತಮಾನದ ಬಳಿಕ ಅವುಗಳ ಕೀಲುಗಳ ಬಳಿ ಕಲ್ಲಿನ ಅಲಗಿನ ಗೀರುಗಳು ಕಂಡಾಗ, ಶವಗಳನ್ನು ಬಿಡಿಸಿ ಇಡುತ್ತಿದ್ದರೆಂದು ತಿಳಿಯಿತು. 2020ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನವು, ದ್ವೀಪದ ಪೂರ್ವಭಾಗದ ನ್ಯೂಗ್ರೇಂಜ್ ಎಂಬ ಇಂಥದ್ದೇ ಸಮಾಧಿಯಲ್ಲಿ ಹೂತವನಿಗೂ ಕ್ಯಾರೋಕೀಲ್‌ನವರಿಗೂ ದೂರದ ರಕ್ತಸಂಬಂಧವಿತ್ತೆಂದು ತೋರಿಸಿತು. ಆ ಮೂವರು ಇಂಥ ಪರೀಕ್ಷೆಯನ್ನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಮುಂದಿನವರ ಕೈಯಲ್ಲಿ ಏನಿರುತ್ತದೆಯೋ ನಾವೂ ಎಣಿಸಲಾರೆವು. ಆದ್ದರಿಂದ, ಅಗೆಯುವುದೇ ನನ್ನ ಕಸುಬಾದರೂ, ನಾಕ್‌ನರೇ ಮುಚ್ಚಿಯೇ ಇರಲಿ ಎನ್ನುತ್ತೇನೆ.

ಪ್ರಶ್ನೆ: ಇವು ಪ್ರಾಚೀನ ಕೆಲ್ಟ್ ಜನರ ಡ್ರೂಯಿಡ್ ಪುರೋಹಿತರ ಬಲಿಪೀಠಗಳೇ? ನಮ್ಮ ಹಿರೇಬೆಣಕಲ್ಲಿನ ಕಲ್ಮನೆಗಳಿಗೂ ಇವಕ್ಕೂ ನಂಟಿದೆಯೇ?

ಉತ್ತರ: ಎರಡಕ್ಕೂ ಇಲ್ಲ. ಡ್ರೂಯಿಡರು ಸಾವಿರಾರು ವರ್ಷ ಈಚಿನವರು. ಹಿರೇಬೆಣಕಲ್ಲಿನ ಸಮಾಧಿಗಳು ಕಬ್ಬಿಣಯುಗದವು. ಸುರಪುರದ ಕಡೆಯ ಕಲ್ಗುಪ್ಪೆಗಳನ್ನು ಅಗೆದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1860ರ ದಶಕದಲ್ಲಿ ಐರ್ಲೆಂಡಿನ ವಿದ್ವತ್ ಸಂಸ್ಥೆಯಾದ ರಾಯಲ್ ಐರಿಷ್ ಅಕಾಡೆಮಿಗೆ ಬರೆದಾಗ ಈ ಹೋಲಿಕೆಯನ್ನು ಎತ್ತಿದ್ದ. ಎಲುಬು, ಇದ್ದಿಲುಗಳ ಇಂಗಾಲದಿಂದ ವಯಸ್ಸು ಅಳೆಯುವ ರೇಡಿಯೊಕಾರ್ಬನ್ ಕಾಲನಿರ್ಣಯ ಅವನಿಗೆ ಗೊತ್ತಿರಲಿಲ್ಲ ಎಂಬ ವಿನಾಯಿತಿಯುಂಟು, ಇಂದು ಕೇಳುವವರಿಗೆ ಅದಿಲ್ಲ.

ಪ್ರಶ್ನೆ: ರಾಶಿಯಿಂದ ಶಕ್ತಿ ತುಂಬಿದ ಕಲ್ಲೊಂದನ್ನು ತಂದು ಮನೆಯಲ್ಲಿ ಇಡಬಹುದೇ?

ಉತ್ತರ: ಅದು ಕಳವು. ರಾಶಿಯ ಮೇಲೆ ಹತ್ತಲೂಬೇಡಿ.