ಮಳೆಗಾಲದ ಶನಿವಾರ ಮಲಗುವ ಸರ್ವರ್

ಪ್ರಶ್ನೆ: ಜೋಗದ ರಸ್ತೆಯಲ್ಲಿ ನಮ್ಮದೊಂದು ಹೋಮ್‌ಸ್ಟೇ ಇದೆ. ಬುಕಿಂಗ್ ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಅದೇ ವೆಬ್‌ಸೈಟಿನಲ್ಲಿ ಮಾರುತ್ತೇವೆ. ಅಮೆಜಾನ್ ಕ್ಲೌಡ್‌ನಲ್ಲಿ ಒಂದೇ ಒಂದು ಟಿ2.ಸ್ಮಾಲ್ ಮಷಿನ್. ವರ್ಷವಿಡೀ ತೊಂದರೆ ಇಲ್ಲ. ಜುಲೈ, ಆಗಸ್ಟ್ ಶನಿವಾರ ಮಾತ್ರ ಬೆಳಗ್ಗೆ ಚೆನ್ನಾಗಿದ್ದದ್ದು ಹನ್ನೊಂದು ಗಂಟೆ ಹೊತ್ತಿಗೆ ಮಲಗಿಬಿಡುತ್ತದೆ. ಸೈಟ್ ಮಾಡಿಕೊಟ್ಟ ಹುಡುಗ ದುಪ್ಪಟ್ಟು ದೊಡ್ಡ ಮಷಿನ್ ತಗೊಳ್ಳಿ ಅನ್ನುತ್ತಾನೆ. ತಗೊಳ್ಳಲಾ, ಇಲ್ಲ ಆಟೋ ಸ್ಕೇಲಿಂಗ್ ಹಾಕಿಸಲಾ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಈಗಲೇ ಎರಡೂ ಬೇಡ. ಬೆಳಗ್ಗೆ ಸರಿ, ಹನ್ನೊಂದಕ್ಕೆ ಮಲಗುತ್ತದೆ ಅಂದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಟಿ2 ಜಾತಿಯ ಮಷಿನ್‌ಗಳು ಅಗ್ಗಕ್ಕೆ ಸಿಗುವುದು ಸುಮ್ನೆ ಅಲ್ಲ. ಟಿ2.ಸ್ಮಾಲ್‌ಗೆ ಖಾಯಂ ಸಿಗುವುದು ಸಿಪಿಯುವಿನ 20% ಮಾತ್ರ. ಕೆಲಸ ಅದಕ್ಕಿಂತ ಕಮ್ಮಿ ಇದ್ದಾಗ ಕ್ರೆಡಿಟ್ ಕೂಡುತ್ತದೆ, ಜಾಸ್ತಿ ಬಂದಾಗ ಆ ಕ್ರೆಡಿಟ್ ಖರ್ಚು ಮಾಡಿ ಪೂರ್ತಿ ವೇಗದಲ್ಲಿ ಓಡುತ್ತದೆ. ಗುಡ್ಡದಿಂದ ದಂಬೆಯಲ್ಲಿ ಬರುವ ಅಬ್ಬಿ ನೀರಿನ ಹಾಗೆ. ರಾತ್ರಿಯೆಲ್ಲ ಸಣ್ಣಗೆ ಬಿದ್ದು ತೊಟ್ಟಿ ತುಂಬಿರುತ್ತದೆ, ಬೆಳಗ್ಗೆ ನೆಂಟರು ಒಬ್ಬೊಬ್ಬರಾಗಿ ಸ್ನಾನಕ್ಕೆ ಇಳಿದರೆ ಮೊದಲ ನಾಲ್ಕು ಜನಕ್ಕೆ ಬೇಕಾದಷ್ಟು, ಐದನೆಯವರು ದಂಬೆ ಕೆಳಗೆ ಚೊಂಬು ಹಿಡಿದು ಕಾಯಬೇಕು. ನಿಮ್ಮ ಸೈಟ್ ಹನ್ನೊಂದು ಗಂಟೆಗೆ ಚೊಂಬು ಹಿಡಿದು ನಿಂತಿರುತ್ತದೆ.

ಮಷಿನ್ ಹೇಗೆ ಓಡುತ್ತಿದೆ ಅಂತ ತೋರಿಸುವ ಅಮೆಜಾನ್‌ನ ಕ್ಲೌಡ್‌ವಾಚ್‌ನಲ್ಲಿ ಸಿಪಿಯು ಕ್ರೆಡಿಟ್ ಬ್ಯಾಲೆನ್ಸ್ ಅಂತ ಒಂದು ಗ್ರಾಫ್ ಇದೆ. ಶನಿವಾರ ಅದು ಸೊನ್ನೆಗೆ ಇಳಿದಿದ್ದರೆ ರೋಗ ಇದೇ. ಆಗ ಮಷಿನ್ ಬದಲಿಸುವುದು ಬೇಡ, 'ಅನ್‌ಲಿಮಿಟೆಡ್' ಮೋಡ್ ಆನ್ ಮಾಡಿ. ಕ್ರೆಡಿಟ್ ಮುಗಿದ ಮೇಲೂ ಓಡುತ್ತದೆ. ಮೇಲಿನ ಬಳಕೆಗೆ, ಲಿನಕ್ಸ್ ಆದರೆ, ಒಂದು ವಿಸಿಪಿಯುಗೆ (ಕ್ಲೌಡ್ ಮಷಿನ್ನಿನ ಪಾಲಿಗೆ ಬಂದ ಸಿಪಿಯು) ಗಂಟೆಗೆ 5 ಸೆಂಟ್. ನಿಮ್ಮದರಲ್ಲಿ ಇರುವುದೇ ಒಂದು ವಿಸಿಪಿಯು. ಶನಿವಾರ 8 ಗಂಟೆ ಏದುಸಿರು ಬಿಟ್ಟರೂ 40 ಸೆಂಟ್ ದಾಟುವುದಿಲ್ಲ. ಎರಡು ತಿಂಗಳ ಜನಕ್ಕೋಸ್ಕರ ಹನ್ನೆರಡು ತಿಂಗಳೂ ದುಪ್ಪಟ್ಟು ಕಟ್ಟುವುದಕ್ಕಿಂತ ವಾಸಿ ಅಲ್ವಾ?

ಗ್ರಾಫ್ ಇಳಿದೇ ಇಲ್ಲ ಅಂದರೆ ನಿಮ್ಮ ಫೋಟೊಗಳನ್ನು ನೋಡಿ. ಹೋಮ್‌ಸ್ಟೇ ಸೈಟುಗಳಲ್ಲಿ ಜೋಗ, ಮಂಜು, ಕಾಫಿ ಲೋಟ, ಮತ್ತೆ ಮಂಜು, ಎಲ್ಲವನ್ನೂ ಕ್ಯಾಮೆರಾದಿಂದ ಇಳಿಸಿದ ಹಾಗೇ ಏರಿಸಿರುತ್ತಾರೆ. ತಲಾ 5 ಎಂಬಿಯ 24 ಫೋಟೊ ಇದ್ದರೆ ಒಬ್ಬರು ಪುಟ ತೆರೆದಾಗ 120 ಎಂಬಿ ಹೊರಗೆ ಹೋಯಿತು. ಅಮೆಜಾನ್ ತಿಂಗಳಿಗೆ ಬಿಟ್ಟಿ ಕಳಿಸುವುದು 100 ಜಿಬಿ. ಸುಮಾರು 830 ಜನ ನೋಡುವಷ್ಟರಲ್ಲಿ ಅದು ಖಾಲಿ, ಆಮೇಲೆ ಜಿಬಿ ಲೆಕ್ಕದಲ್ಲಿ ದುಡ್ಡು. ಅದೇ ಫೋಟೊಗಳನ್ನು 200 ಕೆಬಿಗೆ ಇಳಿಸಿದರೆ ಇಡೀ ಪುಟ 5 ಎಂಬಿ ಒಳಗೆ ಮುಗಿಯುತ್ತದೆ. ತಾಳಗುಪ್ಪ ದಾಟಿ ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ರೂಮ್ ಹುಡುಕುತ್ತಿರುವವರಿಗೂ ಉಪಕಾರ.

ಇನ್ನು ಆಟೋ ಸ್ಕೇಲಿಂಗ್. ಅಡಿಕೆ ಸುಲಿಯಲು ಮುಯ್ಯಾಳು ಕರೆಯುವ ಹಾಗೆ ಅದು. ಕೆಲಸ ಜಾಸ್ತಿಯಾದರೆ ಇನ್ನೊಂದು ಮಷಿನ್ ಬರುತ್ತದೆ, ಮುಗಿದರೆ ಹೋಗುತ್ತದೆ (ಮುಯ್ಯಿ ತೀರಿಸುವುದಿಲ್ಲ, ನಗದು ಕೂಲಿ). ಆದರೆ ಅಡಿಕೆ ರಾಶಿಯನ್ನು ಒಬ್ಬರ ಕೋಣೆಯಲ್ಲಿಟ್ಟು ಬೀಗ ಹಾಕಿದರೆ ಬಂದವರು ಮೆಟ್ಟುಗತ್ತಿ ಮುಂದೆ ಕೂತು ಏನು ಸುಲಿಯಬೇಕು? ನಿಮ್ಮ ಫೋಟೊ, ಬುಕಿಂಗ್ ಡೇಟಾಬೇಸ್, ಲಾಗಿನ್ ಎಲ್ಲ ಈಗ ಆ ಒಂದೇ ಮಷಿನ್ನಿನ ಡಿಸ್ಕಿನಲ್ಲಿದೆ. ಎರಡನೆಯದು ಬಂದರೆ ಅರ್ಧ ಜನಕ್ಕೆ ಫೋಟೊ ಕಾಣುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಒಂದೇ ರೂಮ್ ಇಬ್ಬರಿಗೆ ಬುಕ್ ಆಗಬಹುದು. ಮೊದಲು ಫೋಟೊಗಳನ್ನು ಎಸ್3ಗೆ (ಫೈಲ್ ಇಡಲೆಂದೇ ಇರುವ ಅಮೆಜಾನ್‌ನ ಉಗ್ರಾಣ) ಸಾಗಿಸಿ, ಡೇಟಾಬೇಸನ್ನು ಬೇರೆ ಮಾಡಿಸಿ. ಅಷ್ಟು ಮಾಡಿದ ಮೇಲೂ ಜನ ತಡೆಯದಿದ್ದರೆ ಮುಯ್ಯಾಳು ಕರೆಯೋಣ.

ಪ್ರಶ್ನೆ: ಕ್ಲೌಡ್ ಕ್ಲೌಡ್ ಅನ್ನುತ್ತಾರಲ್ಲ, ನಮ್ಮ ಡೇಟಾ ನಿಜವಾಗಿ ಎಲ್ಲಿರುತ್ತದೆ?
– ಓದುಗರು, ಆಗುಂಬೆ

ಉತ್ತರ: ನಿಮ್ಮೂರಿನ ಮೋಡದಲ್ಲಂತೂ ಅಲ್ಲ, ಅದಕ್ಕೆ ಏನನ್ನೂ ಹಿಡಿದಿಟ್ಟುಕೊಂಡು ಅಭ್ಯಾಸವಿಲ್ಲ. ನೀವು ಯಾವ ರೀಜನ್ (ಕಂಪನಿಯ ಡೇಟಾ ಸೆಂಟರ್‌ಗಳಿರುವ ಊರು) ಆರಿಸಿದ್ದೀರೋ ಅಲ್ಲಿರುತ್ತದೆ. ಅಮೆಜಾನ್‌ಗೆ ಮುಂಬೈಯಲ್ಲಿ 2016ರಿಂದ, ಹೈದರಾಬಾದ್‌ನಲ್ಲಿ 2022ರಿಂದ ರೀಜನ್ ಇದೆ. ಗೂಗಲ್‌ಗೆ ಮುಂಬೈ, ದೆಹಲಿ. ಮೈಕ್ರೋಸಾಫ್ಟ್‌ಗೆ ಪುಣೆ, ಚೆನ್ನೈ, ಮುಂಬೈ. ವಿಡಿಯೊ ನೋಡಿಕೊಂಡು ಸರ್ವರ್ ಹಾಕಿದವರದ್ದು ಎಷ್ಟೋ ಸಲ ಅಮೆರಿಕದ ವರ್ಜೀನಿಯಾದಲ್ಲಿ ಕೂತಿರುತ್ತದೆ. ಗಿರಾಕಿಗಳೆಲ್ಲ ತೀರ್ಥಹಳ್ಳಿ, ಕೊಪ್ಪದವರಾದರೆ ಅಷ್ಟು ದೂರ ಯಾಕೆ?

ಪ್ರಶ್ನೆ: ಅಡಿಕೆ ಮಂಡಿಯ ಲೆಕ್ಕವನ್ನೆಲ್ಲ ಕ್ಲೌಡ್‌ಗೆ ಹಾಕಿಸಿದ್ದೇವೆ. ರಾಶಿ, ಬೆಟ್ಟೆ, ಗೊರಬಲು ಅಂತ ಬಿಲ್ಲು, ಬೆಳೆಗಾರರ ಬಾಕಿ ಎಲ್ಲ ಅದರಲ್ಲೇ. ಹಾಕಿಕೊಟ್ಟವರು "ಕ್ಲೌಡ್‌ನಲ್ಲಿದ್ದ ಮೇಲೆ ಬ್ಯಾಕಪ್ ಯಾಕೆ ಸಾರ್" ಅನ್ನುತ್ತಾರೆ. ನಿಜವಾ?
– ಓದುಗರು, ಶಿವಮೊಗ್ಗ

ಉತ್ತರ: ಸುಳ್ಳು. ಎಸ್3ನಲ್ಲಿಟ್ಟ ಫೈಲಿಗೆ 99.999999999% ಬಾಳಿಕೆ ಅಂತ ಅಮೆಜಾನ್ ಹೇಳುತ್ತದೆ, ಅದನ್ನು ಕೇಳಿ ನಿಮ್ಮವರು ಹಾಗಂದಿರಬೇಕು. ಅದು ಡಿಸ್ಕ್ ಕೆಟ್ಟರೆ ಅನ್ನುವ ಮಾತು. ನಿಮ್ಮ ಗುಮಾಸ್ತರೇ ತಪ್ಪಿ ಡಿಲೀಟ್ ಒತ್ತಿದರೆ ಕ್ಲೌಡ್ ಬಹಳ ವಿಧೇಯವಾಗಿ ಎಲ್ಲ ಪ್ರತಿಯಿಂದಲೂ ಅಳಿಸುತ್ತದೆ.

2017ರ ಜನವರಿ 31ರಂದು, ಪ್ರೋಗ್ರಾಮರ್‌ಗಳ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿಬಿಟ್ಟರು. ಬ್ಯಾಕಪ್‌ಗೆ ಒಂದಲ್ಲ, ಐದು ದಾರಿ ಇಟ್ಟುಕೊಂಡಿದ್ದರು. ಒಂದೂ ನೆಟ್ಟಗಿರಲಿಲ್ಲ. ಬ್ಯಾಕಪ್ ಆಗುತ್ತಿಲ್ಲ ಅಂತ ತಿಳಿಸುವ ಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಹಿಂದೆ ಒಬ್ಬರು ಬೇರೆ ಕೆಲಸಕ್ಕೆ ತೆಗೆದಿಟ್ಟಿದ್ದ ಪ್ರತಿ ಇತ್ತು, ಬಚಾವಾದರು.

ಅವರನ್ನು ನೋಡಿ ನಗುವ ಹಾಗಿಲ್ಲ ನಾನು. ನನ್ನದೇ ಸ್ಕ್ರಿಪ್ಟ್ ಮೂರು ತಿಂಗಳು ದಿನಾ ರಾತ್ರಿ ತಾರೀಕು ಹಾಕಿ ಸಾಲಾಗಿ ಫೈಲ್ ಇಡುತ್ತಿತ್ತು. ನೋಡಲು ಚಂದ. ಬೇಕಾದ ದಿನ ತೆರೆದರೆ ಎಲ್ಲವೂ ಸೊನ್ನೆ ಬೈಟ್. ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿದವನು ನಾನು, ಸ್ಕ್ರಿಪ್ಟ್‌ನಲ್ಲಿ ಬದಲಿಸಲು ಮರೆತವನೂ ನಾನು.

ನಿಮ್ಮದು ಆರ್‌ಡಿಎಸ್ (ಅಮೆಜಾನ್ ತಾನೇ ನೋಡಿಕೊಳ್ಳುವ ಡೇಟಾಬೇಸ್) ಆದರೆ ಆಟೊಮ್ಯಾಟಿಕ್ ಬ್ಯಾಕಪ್ 35 ದಿನದವರೆಗೆ ಇಡಬಹುದು. ಅದನ್ನು ಹಾಕಿಸಿ. ವಾರಕ್ಕೊಂದು ಪ್ರತಿ ಬೇರೆ ಅಕೌಂಟಿಗೆ ಹೋಗಲಿ, ಅದರ ಪಾಸ್‌ವರ್ಡ್ ನಿಮ್ಮ ಹತ್ತಿರ ಮಾತ್ರ ಇರಲಿ. ಕೊಯ್ಲು ಶುರುವಾಗುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಬ್ಯಾಕಪ್‌ನಿಂದ ಹೊಸ ಡೇಟಾಬೇಸ್ ಎಬ್ಬಿಸಲು ಹೇಳಿ, ಪಕ್ಕದಲ್ಲೇ ಕೂತು, ಯಾರಾದರೂ ಒಬ್ಬ ಬೆಳೆಗಾರರ ಬಾಕಿಯನ್ನು ಕೈಯಲ್ಲಿರುವ ಬಿಲ್ಲಿನ ಜೊತೆ ತಾಳೆ ನೋಡಿ.

ಪ್ರಶ್ನೆ: ಕಲಿಯಲು ಹಾಕಿದ್ದ ಮಷಿನ್ ನಿಲ್ಲಿಸಿ ತಿಂಗಳಾಯಿತು. ಬಿಲ್ ಮಾತ್ರ ನಿಂತಿಲ್ಲ.
– ಓದುಗರು, ತೀರ್ಥಹಳ್ಳಿ

ಉತ್ತರ: ಸ್ಟಾಪ್ ಮಾಡಿದ್ದೀರಿ, ಟರ್ಮಿನೇಟ್ ಮಾಡಿಲ್ಲ, ಅಂದರೆ ಪೂರ್ತಿ ತೆಗೆದುಹಾಕಿಲ್ಲ. ಸ್ಟಾಪ್ ಆದರೆ ಮಷಿನ್ ಬಾಡಿಗೆ ನಿಲ್ಲುತ್ತದೆ, ಡಿಸ್ಕಿನ ಬಾಡಿಗೆ ನಡೆಯುತ್ತಲೇ ಇರುತ್ತದೆ. ಎಲಾಸ್ಟಿಕ್ ಐಪಿ (ಮಷಿನ್‌ಗೆ ಹಿಡಿದಿಟ್ಟುಕೊಂಡ ಖಾಯಂ ಇಂಟರ್‌ನೆಟ್ ವಿಳಾಸ) ಇದ್ದರೆ ಅದಕ್ಕೂ ಗಂಟೆಗೆ ಅರ್ಧ ಸೆಂಟ್, 30 ದಿನಕ್ಕೆ 3.60 ಡಾಲರ್. 2024ರ ಫೆಬ್ರವರಿಯಿಂದ ಬಳಸಿದರೂ ಬಳಸದಿದ್ದರೂ ಕೊಡಬೇಕು. ಬೇಕಾದ ಫೈಲ್ ಇಳಿಸಿಕೊಂಡು ಡಿಸ್ಕ್ ಸಮೇತ ಮಷಿನ್, ಐಪಿ ಎರಡನ್ನೂ ತೆಗೆಯಿರಿ, ಟರ್ಮಿನೇಟ್ ಮಾಡಿದ್ದು ವಾಪಸ್ ಬರುವುದಿಲ್ಲ. ಬಜೆಟ್ ಅಲರ್ಟ್ ಹಾಕಿಕೊಳ್ಳಿ, ಆದರೆ ಅದು ಮೇಲ್ ಕಳಿಸುತ್ತದೆ ಅಷ್ಟೇ, ಖರ್ಚನ್ನು ತಾನಾಗಿ ತಡೆಯುವುದಿಲ್ಲ. ಮತ್ತೆ, ಅಮೆಜಾನ್‌ನಲ್ಲಿ ಮಷಿನ್‌ಗಳ ಪಟ್ಟಿ ಇರುವ ಪರದೆ ಒಂದು ಸಲಕ್ಕೆ ಒಂದೇ ರೀಜನ್ನಿನ ಮಷಿನ್ ತೋರಿಸುತ್ತದೆ. ಮುಂಬೈ ಖಾಲಿ ಕಂಡರೆ ವರ್ಜೀನಿಯಾ ತೆರೆದು ನೋಡಿ.